ಗಿರಿಜೆ ಬರುವ ದಿನ

ಅರಸೀಕೆರೆಯ ಕೊಬ್ಬರಿ ವರ್ತಕರ ಬೀದಿಯಲ್ಲಿ ವಿಶಾಲಮ್ಮನಷ್ಟು ಜೋರಾಗಿ ಟೀವಿಯನ್ನು ಬೈಯುವವರು ಇನ್ನೊಬ್ಬರಿರಲಿಲ್ಲ. ಸಂಜೆ ದೀಪ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡು, ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿ ಅವಳು ಕೂತಳೆಂದರೆ, ಬೀದಿಯಲ್ಲಿ ಸೊಪ್ಪು ಮಾರುವವಳಿಗೂ ಅವತ್ತಿನ ಕಂತಿನ ಕತೆ ಗೊತ್ತಾಗಿಬಿಡುತ್ತಿತ್ತು.

"ಏನೇ ಅದು, ಒಲೆ ಮುಂದೆ ನಿಂತ್ಕೊಂಡು ರೇಷ್ಮೆ ಸೀರೆ! ಎಣ್ಣೆ ಸಿಡಿದ್ರೆ ಇನ್ನೊಂದು ನಿಮ್ಮಪ್ಪ ಕೊಡಿಸ್ತಾನಾ?"

ಕೇಳಿದವರು ನಗುತ್ತಿದ್ದರು. ಗಂಡ ದೇವೀರಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಜನವಿಲ್ಲ, ಪಾಪ, ಟೀವಿಯ ಜೊತೆಗೇ ಮಾತಾಡಿಕೊಳ್ಳುತ್ತಾಳೆ ಅನ್ನುತ್ತಿದ್ದರು. ಬೀದಿಯವರಿಗೆ ಎಲ್ಲ ಗೊತ್ತಿರುತ್ತದೆ ಅನ್ನುವುದು ಶುದ್ಧ ಸುಳ್ಳು. ವಿಶಾಲಮ್ಮ ಮಾತಾಡುತ್ತಿದ್ದುದು ಟೀವಿಯ ಜೊತೆಗಲ್ಲ. ಗೋಡೆಯಾಚೆಗಿದ್ದ ವಾರಗಿತ್ತಿ ಹೇಮಲತಾಳ ಜೊತೆಗೆ.

ದೇವೀರಪ್ಪ ಮತ್ತು ಅವನ ತಮ್ಮ ಚನ್ನೇಶ್ ಪಾಲಾದಾಗ ಹಳೆಯ ಹೆಂಚಿನ ಮನೆಯ ನಡುಮನೆಗೆ ಒಂದು ಅಡ್ಡಗೋಡೆ ಬಂತು. ಅವರೇನು ಕಿತ್ತಾಡಿ ಪಾಲಾದವರಲ್ಲ. ಗಾಳಿಯಾಡಲಿ ಎಂದು ಗಾರೆ ಕೆಲಸದವನು ಗೋಡೆಯನ್ನು ತೊಲೆಯ ಮಟ್ಟಕ್ಕೆ ನಿಲ್ಲಿಸಿ, ಅಲ್ಲಿಂದ ಮೇಲೆ ಹೆಂಚಿನವರೆಗೆ ಖಾಲಿ ಬಿಟ್ಟಿದ್ದ. ಹಾಗಾಗಿ ಈ ಮನೆಯ ಒಗ್ಗರಣೆಗೆ ಆ ಮನೆಯವರು ಸೀನುತ್ತಿದ್ದರು. ವಾರಗಿತ್ತಿಯರು ಎದ್ದು ಬಾಗಿಲಿಗೆ ಹೋಗುವ ತಾಪತ್ರಯವಿಲ್ಲದೆ ಕೂತಲ್ಲಿಂದಲೇ, "ಹೇಮಾ, ಒಂಚೂರು ಹುಣಸೆಹಣ್ಣು ಐತೇನೇ?" "ಐತೆ ಕಣಕ್ಕ, ಬಂದೆ" ಅಂದುಕೊಂಡು ಸಂಸಾರ ಮಾಡಿದರು.

ಹೇಮಲತಾಳ ಮಗಳು ಸಿಂಧು ಬೆಳೆದದ್ದು ಹೆಚ್ಚಾಗಿ ಗೋಡೆಯ ಈಚೆಗೆ. ವಿಶಾಲಮ್ಮನಿಗೆ ಮಕ್ಕಳಿರಲಿಲ್ಲ. ಹುಡುಗಿಯ ಮೊದಲ ಲಂಗದಿಂದ ಹಿಡಿದು ಕಾಲೇಜಿನ ಚೂಡಿದಾರದ ತನಕ ಎಲ್ಲವೂ ಆ ಮಿಷನ್ನಿನ ಕೆಳಗೇ ಹಾದುಹೋಗಿತ್ತು. ಸಿಂಧುವಿನ ಮದುವೆ ಗೊತ್ತಾದಾಗ ಧಾರೆಯ ರವಿಕೆ ಹೊಲಿಯುವವರು ಯಾರು ಅನ್ನುವ ಮಾತೇ ಏಳಲಿಲ್ಲ. ವಿಶಾಲಮ್ಮ ಗಿರಾಕಿಗಳ ಬಟ್ಟೆಯನ್ನೆಲ್ಲ ಪಕ್ಕಕ್ಕಿಟ್ಟು, ತೋಳಿನ ತುಂಬ ಜರಿ ನೂಲಿನಲ್ಲಿ ಬಳ್ಳಿ ಎಳೆದು, ಕಣ್ಣು ಕೆಂಪಗಾಗುವಷ್ಟು ಕೂತು ಹೊಲಿದಳು.

ಆದರೆ ಭಾನುವಾರದ ಟೀವಿಯಲ್ಲಿ ಒಂದು ಉಡುಗೆ ಸ್ಪರ್ಧೆ ಬರುತ್ತಿತ್ತು. ಹುಡುಗ ಹುಡುಗಿಯರ ಕೈಗೆ ಬಟ್ಟೆ ಕೊಟ್ಟು, ಇಷ್ಟು ಹೊತ್ತಿನೊಳಗೆ ಹೊಲಿಯಿರಿ ಅನ್ನುವುದು, ರೂಪದರ್ಶಿಯರಿಗೆ ತೊಡಿಸಿ ನಡೆಸುವುದು, ಕಪ್ಪು ಕನ್ನಡಕದ ತೀರ್ಪುಗಾರರು ಒಬ್ಬೊಬ್ಬರನ್ನೇ ಅಳಿಸಿ ಮನೆಗೆ ಕಳಿಸುವುದು. ಅಲ್ಲಿ ಗೆದ್ದ ರವಿಕೆಯ ಹಾಗೇ ಇರುವ ಒಂದನ್ನು ಸಿಂಧು ಹಾಸನದ ಅಂಗಡಿಯಲ್ಲಿ ನೋಡಿ ಬಂದಿದ್ದಳು. ಮದುವೆಯ ದಿನ ಮುಹೂರ್ತಕ್ಕೆ ಅದನ್ನೇ ತೊಟ್ಟು ಬಂದಳು. ಮಗಳಿಗೆ ಬೇಡ ಅನ್ನಲು ಹೇಮಲತಾಳಿಗೆ ಬಾಯಿ ಬರಲಿಲ್ಲ, ಅಕ್ಕನಿಗೆ ಮುಂಚೆಯೇ ಒಂದು ಮಾತು ಹೇಳಲು ಧೈರ್ಯ ಬರಲಿಲ್ಲ. ಛತ್ರದ ಮೊದಲ ಸಾಲಿನಲ್ಲಿ ಕೂತಿದ್ದ ವಿಶಾಲಮ್ಮ ಮಂಟಪದ ಕಡೆ ನೋಡಿದಳು. ಅಕ್ಷತೆ ಹಾಕಿದಳು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಎದ್ದು ಮನೆಗೆ ಬಂದಳು.

ಮಗಳಂತೆ ಬೆಳೆಸಿದವಳ ಮದುವೆಯಲ್ಲಿ ದೊಡ್ಡಮ್ಮ ಊಟ ಮಾಡದೆ ಎದ್ದುಹೋದದ್ದು ಸಣ್ಣ ವಿಷಯವಲ್ಲ. ಬೀಗರು ಕೇಳಿದರು, ಹೇಮಲತಾ ತಲೆ ತಗ್ಗಿಸಿ ನಿಂತಳು. ಅವಳಿಗೂ ರೋಷ ಬಂತು. ಅವತ್ತಿಗೆ ಗೋಡೆಯ ಮೇಲಿನ ಮಾತು ನಿಂತುಹೋಯಿತು. ಹುಣಸೆಹಣ್ಣು ಬೇಕಾದರೆ ಇಬ್ಬರೂ ಅಂಗಡಿಗೆ ಹೋದರು.

ಮಾತು ಮತ್ತೆ ಶುರುವಾದದ್ದು ಗಿರಿಜೆಯಿಂದ. ಗೋಡೆ ಏಳುವುದಕ್ಕೆ ಮುಂಚೆ, ಸಿಂಧು ಇನ್ನೂ ಕೈಕೂಸಾಗಿದ್ದಾಗ, ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಒಂದು ಸೀರಿಯಲ್ ನೋಡುತ್ತಿದ್ದರು. ಅದಕ್ಕೆ ಉದ್ದದ ಹೆಸರೇನೋ ಇತ್ತು. ಇವರ ಪಾಲಿಗೆ ಅದು ಗಿರಿಜೆ ಸೀರಿಯಲ್. ವಾರಗಿತ್ತಿಯ ಮಾತಿಗೆ ನೊಂದು ಮನೆ ಬಿಟ್ಟುಹೋದ ಗಿರಿಜೆ ಕೊನೆಯ ಕಂತಿನಲ್ಲಿ ತಾನಾಗಿಯೇ ವಾಪಸು ಬರುತ್ತಾಳೆ. ಅಳುವುದಿಲ್ಲ, ಕಾಲಿಗೆ ಬೀಳುವುದಿಲ್ಲ. ಸೀದಾ ಅಡುಗೆಮನೆಗೆ ಹೋಗಿ ನಿಲ್ಲುತ್ತಾಳೆ. ಸಾರು ಕುದಿಸುತ್ತಿದ್ದ ವಾರಗಿತ್ತಿ ತಿರುಗಿ ನೋಡಿ, ಅಂಗೈಗೆ ಒಂದು ತೊಟ್ಟು ಹಾಕಿ, "ಉಪ್ಪು ನೋಡು" ಅನ್ನುತ್ತಾಳೆ. ಅಷ್ಟೇ, ಮುಗಿಯಿತು. ಅವತ್ತು ಇಬ್ಬರೂ ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಬ್ಬರ ಮುಖ ಒಬ್ಬರು ನೋಡಿ ನಕ್ಕಿದ್ದರು.

ಅದೇ ಸೀರಿಯಲ್ ಈಗ ಹೊಸ ಬಣ್ಣ ಬಳಿದುಕೊಂಡು ಮತ್ತೆ ಬಂತು. ಗಿರಿಜೆಯಾಗಿ ಬಂದ ಹುಡುಗಿಯ ರೆಪ್ಪೆಗೂದಲು ನೋಡಿಯೇ ವಿಶಾಲಮ್ಮನಿಗೆ ಸಿಟ್ಟು ನೆತ್ತಿಗೇರಿತ್ತು. ಅಷ್ಟರಲ್ಲಿ ಗೋಡೆಯಾಚೆಯಿಂದ ಹೇಮಲತಾ ಗಂಡನಿಗೆ ಹೇಳುವ ಹಾಗೆ, "ನಮ್ಮ ಗಿರಿಜೆಗೆ ಹತ್ತಿ ಸೀರೇಲೂ ಎಂಥ ಕಳೆ ಇತ್ತು ಅಲ್ವೇನ್ರೀ?" ಅಂದಳು. ಆ ಹೊತ್ತಿಗೆ ಚನ್ನೇಶ್ ಕೊಬ್ಬರಿ ಮಂಡಿಯಲ್ಲಿರುತ್ತಾನೆ, ಮನೆಯಲ್ಲಿ ಇಲ್ಲ, ಇದು ವಿಶಾಲಮ್ಮನಿಗೆ ಚೆನ್ನಾಗಿ ಗೊತ್ತು. ಅವಳೂ ಟೀವಿಯ ಕಡೆ ತಿರುಗಿ, "ಇವಳೇನು ಗಿರಿಜೆಯೋ, ಅಂಗಡಿ ಬಾಗಿಲ ಬೊಂಬೆಯೋ!" ಅಂದಳು. ಆಚೆ ಕಡೆ ಹೇಮಲತಾ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ಹೀಗೆ ಒಬ್ಬರ ಹೆಸರು ಒಬ್ಬರು ಎತ್ತದೆ, ಟೀವಿಯನ್ನು ಮುಂದಿಟ್ಟುಕೊಂಡು ಮಾತು ನಡೆಯಿತು. ಸೀರಿಯಲ್ಲಿನ ಬಗ್ಗೆ ಇಬ್ಬರದ್ದೂ ಒಂದೇ ಮಾತು, ಹಳೆಯದೇ ವಾಸಿ. ಭಾನುವಾರದ ಉಡುಗೆ ಸ್ಪರ್ಧೆಯಲ್ಲಿ ಮಾತ್ರ ಹಾವು ಮುಂಗುಸಿ. ಕೂತು ಎದ್ದು ಮಾಡಲಾಗದ, ಒಗೆಯಲಾಗದ ಬಟ್ಟೆಗೆ ಬಹುಮಾನ ಕೊಡುವವರಿಗೆ ಬುದ್ಧಿ ಇಲ್ಲ ಎಂದು ಇವಳು. ಚಿಕ್ಕ ವಯಸ್ಸಿನವರು ಏನೋ ಹೊಸದು ಮಾಡಲಿ ಬಿಡಿ ಎಂದು ಅವಳು. ಒಂದು ವಾರ ಹೊಯ್ಸಳರ ಕಾಲದ ಉಡುಗೆ ಎಂದು, ಬೇಲೂರಿನ ಶಿಲಾಬಾಲಿಕೆಯರ ಭಂಗಿಯಲ್ಲಿ ರೂಪದರ್ಶಿಯರನ್ನು ಸಾಲಾಗಿ ನಿಲ್ಲಿಸಿದ್ದರು. "ಅಂತೂ ಆ ಕಲ್ಲಿನ ಹೆಣ್ಮಕ್ಕಳಿಗೆ ಇಷ್ಟು ವರ್ಷಕ್ಕೆ ಒಂದು ರವಿಕೆ ಸಿಕ್ತು!" ಎಂದಳು ಹೇಮಲತಾ. ಹಳೇಬೀಡಿನ ಪಕ್ಕದ ಮಾದಿಹಳ್ಳಿ ವಿಶಾಲಮ್ಮನ ತವರು. ಆ ಬಾಲಿಕೆಯರನ್ನು ನೋಡುತ್ತಲೇ ಬೆಳೆದವಳು ಅವಳು. "ಆ ರವಿಕೆಗೆ ತೋಳು ಕೂಡಿಸಿರೋದು ನೋಡಿದ್ರೆ ಅವರು ಕಲ್ಲಾಗಿರೋದೇ ವಾಸಿ" ಎಂದಳು. ಆಚೆಯಿಂದ ನಗು ಬಂತು. ಅವತ್ತು ಅವಳು ಎರಡು ಮುದ್ದೆ ಉಂಡಳು.

ಇನ್ನೊಂದು ಭಾನುವಾರ, ಒಬ್ಬ ಹುಡುಗ ಕಷ್ಟಪಟ್ಟು ಹೊಲಿದ ಲಂಗವನ್ನು ರೂಪದರ್ಶಿ ಕೊನೇ ಗಳಿಗೆಯಲ್ಲಿ ಒಲ್ಲೆ ಅಂದುಬಿಟ್ಟಳು. ಆಮೇಲೆ ಹೇಮಲತಾಳ ದನಿ ನಿಧಾನವಾಗಿ ಬಂತು. "ಆ ಹುಡುಗಿಗೆ ಬುದ್ಧಿ ಇಲ್ಲ, ಹೋಗ್ಲಿ. ಅವಳಮ್ಮನಿಗಾದ್ರೂ ಇರಬೇಕಿತ್ತು. ಅವಳಮ್ಮಂದೇ ತಪ್ಪು."

ಟೀವಿಯಲ್ಲಿ ಯಾವ ಅಮ್ಮನೂ ಇರಲಿಲ್ಲ. ವಿಶಾಲಮ್ಮನಿಗೆ ಎದೆ ತುಂಬಿ ಬಂತು. ಆ ಕ್ಷಣವೇ ಎದ್ದು, ನಾಲ್ಕು ಹೆಜ್ಜೆ ಬೀದಿಗಿಳಿದು, ಪಕ್ಕದ ಬಾಗಿಲು ತಟ್ಟಿದ್ದರೆ ಈ ಕತೆ ಹೇಳುವ ಕೆಲಸವೇ ಇರುತ್ತಿರಲಿಲ್ಲ. ಆದರೆ ಬಿಂಕ ಅನ್ನುವುದು ಹಾಳು. ತಾನಾಗಿ ಹೋಗುವುದಕ್ಕೆ ಒಂದು ನೆಪ ಬೇಕಿತ್ತು, ನೆಪವನ್ನು ಅವಳು ಗಿರಿಜೆಯಲ್ಲಿ ಕಂಡುಕೊಂಡಳು. ಹೊಸ ಗಿರಿಜೆ ಈಗಾಗಲೇ ಮನೆ ಬಿಟ್ಟಾಗಿತ್ತು, ಇನ್ನೇನು ವಾಪಸು ಬರಬೇಕು. "ಗಿರಿಜೆ ಹೊಸಿಲು ದಾಟಿದ ದಿನ ನಾನೂ ದಾಟ್ತೀನಿ" ಎಂದು ಶಿವನ ಪಟದ ಮುಂದೆ ನಿಂತು ಮನಸ್ಸಿನಲ್ಲೇ ಹೇಳಿಕೊಂಡಳು. ಅವತ್ತು ಹೇಮಾ ಸಾರಿನ ಸೌಟು ಹಿಡಿದುಕೊಂಡೇ ಕಾಯುತ್ತಿರುತ್ತಾಳೆ ಎಂದು ಊಹಿಸಿಕೊಂಡು ಹಿಗ್ಗಿದಳು.

ಹಳೆಯ ಸೀರಿಯಲ್ಲಿಗೆ ಒಂದು ಕೊನೆ ಅಂತ ಇತ್ತು. ಹೊಸದನ್ನು ಮಾಡಿದವರಿಗೆ ಮುಗಿಸುವ ಅವಸರವೇ ಇರಲಿಲ್ಲ. ಗಿರಿಜೆ ಬಸ್ಸು ಹತ್ತುವಷ್ಟರಲ್ಲಿ ನೆನಪು ಹೋಯಿತು. ನೆನಪು ಬಂದರೆ ಅವಳ ಹಾಗೇ ಇರುವ ಇನ್ನೊಬ್ಬಳು ಬಂದಳು. ಹಳೆಯದರಲ್ಲಿ ಇಲ್ಲದ ಒಬ್ಬ ಮಂತ್ರವಾದಿ ಬಂದ. "ಯಾವಾಗ ಬತ್ತೀಯೇ ಗಿರಿಜಾ, ಮನೇಲಿ ಕಾಯ್ತಾವ್ರೆ ಕಣೇ!" ಎಂದು ವಿಶಾಲಮ್ಮ ಬೇಕೆಂದೇ ಕೂಗಿ ಹೇಳುತ್ತಿದ್ದಳು. "ಬರ್ಲಿ ಬರ್ಲಿ, ಬಾಗಿಲು ತೆಗೆದೇ ಐತೆ" ಎಂದು ಆಚೆಯಿಂದ ಉತ್ತರ ಬರುತ್ತಿತ್ತು. ಆ ದನಿ ಬರಬರುತ್ತಾ ಒರಟಾಯಿತು, ಕೆಮ್ಮು ಸೇರಿಕೊಂಡಿತು. ಶೀತವಿರಬೇಕು ಅಂದುಕೊಂಡಳು.

ಆಮೇಲೆ ಆ ಮನೆಗೆ ಬೀಗ ಬಿತ್ತು. ಮಗಳ ಮನೆಗೆ ಹೋಗಿದ್ದಾರೆ ಎಂದರು ಬೀದಿಯವರು. ತಿಂಗಳು ಕಳೆದು ಬಂದ ಮೇಲೂ ಹೇಮಲತಾಳ ಮಾತಿಲ್ಲ. ವಿಶಾಲಮ್ಮ ಗಿರಿಜೆಯನ್ನು ಬೈದರೂ ಇಲ್ಲ, ಹೊಗಳಿದರೂ ಇಲ್ಲ. ಮಾತಿನ ಬದಲು ಇನ್ನೊಂದು ಶುರುವಾಯಿತು. ಇವಳು ಏನಾದರೂ ಅಂದ ಕೂಡಲೇ ಆಚೆಯ ಟೀವಿಯ ಸದ್ದು ಕಿವಿಗೆ ರಾಚುವಷ್ಟು ಜೋರಾಗುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಇನ್ನೊಂದು ಮಾತು ಅಂದರೆ ಮತ್ತೆ ಜೋರು.

ನಿನ್ನ ಮಾತು ನನಗೆ ಬೇಡ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಹೇಗೆ? ವಿಶಾಲಮ್ಮ ಕುದ್ದುಹೋದಳು. ಮಗಳ ಮನೆಯ ಗಾಳಿ ಬಡಿದಿದೆ, ಸಿಂಧು ಏನೋ ಕಿವಿ ಊದಿದ್ದಾಳೆ ಎಂದು ತೀರ್ಮಾನಿಸಿದಳು. ಒಂದು ಸಂಜೆ ಸದ್ದು ಹಾಗೆ ಏರಿದಾಗ, "ಕಿವುಡರ ಮನೆ ಮುಂದೆ ನಾನ್ಯಾಕೆ ಬಾಯಿ ನೋಯಿಸ್ಕೊಳ್ಳಲಿ!" ಎಂದು ಕಿರುಚಿ ತನ್ನ ಟೀವಿಯನ್ನು ಆರಿಸಿಬಿಟ್ಟಳು. ಆಚೆ ಕಡೆ ಸದ್ದು ಇನ್ನೊಮ್ಮೆ ಏರಿತು, ಇಳಿಯಿತು. ಮತ್ತೆ ಏರಿತು. ವಿಶಾಲಮ್ಮ ಎದ್ದು ಹಿತ್ತಲಿಗೆ ಹೋಗಿ ಕೂತಳು. ಅವತ್ತಿನಿಂದ ಆ ಹೊತ್ತಿಗೆ ಅವಳು ಟೀವಿ ಹಾಕಲಿಲ್ಲ. ಬೇಕೆಂದೇ ಮಿಷನ್ ತುಳಿದಳು.

ಹೀಗಿರುವಾಗ ಒಂದು ಬೆಳಿಗ್ಗೆ ಗೋಡೆಯಾಚೆ ಏನೋ ಗುಜುಗುಜು ಕೇಳಿದರೂ ವಿಶಾಲಮ್ಮ ಮಿಷನ್ ತುಳಿಯುತ್ತಲೇ ಇದ್ದಳು. ತಲೆಯೆತ್ತಿದರೆ ಬಾಗಿಲಲ್ಲಿ ಸಿಂಧು ನಿಂತಿದ್ದಳು. ಮದುವೆಯಾದ ಮೇಲೆ ಆ ಹುಡುಗಿ ಈ ಹೊಸಿಲ ಮುಂದೆ ನಿಂತದ್ದು ಅದೇ ಮೊದಲು. ಕಣ್ಣು ಊದಿಕೊಂಡಿತ್ತು, ಕೈಯಲ್ಲಿ ಒಂದು ಹಸಿರು ರವಿಕೆ ಇತ್ತು.

"ದೊಡ್ಡಮ್ಮ, ಅಮ್ಮ ಹೋಗ್ಬಿಟ್ರು. ಸ್ನಾನ ಮಾಡ್ಸಾಯ್ತು, ಸೀರೆ ಉಡಿಸ್ಬೇಕು. ಯಾವ ರವಿಕೇನೂ ಆಗ್ತಿಲ್ಲ, ಅಷ್ಟು ಇಳಿದುಹೋಗಿದ್ದಾರೆ. ಇದು ನೀವು ಹೊಲಿದಿದ್ದು. ಇದನ್ನ ಚಿಕ್ಕದು ಮಾಡಿಕೊಡ್ತೀರಾ?"

ವಿಶಾಲಮ್ಮ ಸೂಜಿ ದಾರ ಹಿಡಿದುಕೊಂಡು ಆ ಹೊಸಿಲು ದಾಟಿದಳು. ನಡುಮನೆಯಲ್ಲಿ ಚನ್ನೇಶ್ ಗೋಡೆಗೆ ಒರಗಿ ಕೂತಿದ್ದವನು ಅತ್ತಿಗೆಯನ್ನು ನೋಡಿ ಮುಖ ಮುಚ್ಚಿಕೊಂಡ. ಒಳಕೋಣೆಯಲ್ಲಿದ್ದದ್ದು ಹೇಮಲತಾಳೋ, ಅವಳ ಮೂಳೆಯೋ. ಕುತ್ತಿಗೆಯ ಗುಂಡಿಯಲ್ಲಿ ಒಂದು ತೂತು, ಅದರ ಸುತ್ತ ಬಿಳಿ ಪಟ್ಟಿ. ಆ ಕಾಯಿಲೆಯ ಹೆಸರನ್ನು ಆ ಬೀದಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಿಂಧುವೂ ಹೇಳಲಿಲ್ಲ.

"ಆಪರೇಷನ್ ಮಾಡಿ ದನಿ ಪೆಟ್ಟಿಗೆ ತೆಗೆದ್ರು ದೊಡ್ಡಮ್ಮ. ನಿಮಗೆ ಹೇಳ್ತೀನಿ ಅಂದ್ರೆ ಬೇಡ ಅಂತ ಕೈ ಮುಗಿದ್ರು. ಅಕ್ಕ ಕನಿಕರಕ್ಕೆ ಬರೋದು ಬೇಡ, ತಾನಾಗೇ ಬರ್ಲಿ ಅಂತ ಬರೆದು ತೋರಿಸಿದ್ರು. ಸಂಜೆ ಆದ್ರೆ ರಿಮೋಟ್ ಹಿಡ್ಕೊಂಡು ಕೂತಿರೋರು. ನೀವು ಏನಾದ್ರೂ ಅಂದ ತಕ್ಷಣ ಸೌಂಡ್ ಜೋರು ಮಾಡಿ, ಆಮೇಲೆ ಕಮ್ಮಿ ಮಾಡೋರು. ಹ್ಞೂ ಅಂತ ಹೇಳೋದು ಹಾಗೆ ಅಂತೆ. ನೀವು ಟೀವಿ ಹಾಕೋದು ನಿಲ್ಲಿಸಿದ ಮೇಲೂ ದಿನಾ ಒಂದೊಂದ್ಸಲ ಜೋರು ಮಾಡಿ ನೋಡೋರು."

ವಿಶಾಲಮ್ಮ ರವಿಕೆಯನ್ನು ತಿರುವಿದಳು. ಮುಂದೆ ದಪ್ಪವಾದರೆ ಬಿಡಿಸಿಕೊಳ್ಳಲಿ ಎಂದು ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು ಹೊಲಿಯುವುದು ಅವಳ ಪದ್ಧತಿ. ಬಿಟ್ಟ ಬಟ್ಟೆ ಹಾಗೇ ಇತ್ತು. ಅದಕ್ಕೂ ಒಳಗೆ, ಇನ್ನೂ ಒಳಗೆ ಹೊಲಿಗೆ ಹಾಕುತ್ತಾ ಹೋದಳು. ತೋಳನ್ನು ಕೈಗೆ ಏರಿಸುವಾಗ ಅವಳ ಬೆರಳು ಆ ತಣ್ಣಗಿನ ಭುಜಕ್ಕೆ ತಾಗಿತು. ಆಗ ಅವಳು ಕೂಗಿದ ಕೂಗು ಬೀದಿಯ ಕೊನೆಯ ಮನೆಗೂ ಕೇಳಿತು. "ಕೂತಲ್ಲಿಂದ ಗೋಡೆಗೊಂದು ಏಟು ಹಾಕ್ಬಾರ್ದಿತ್ತೇನೇ ಹೇಮಾ, ಓಡಿ ಬತ್ತಿದ್ದೆನಲ್ಲೇ!"

ಅದೇ ವಾರ ಗಿರಿಜೆ ಸೀರಿಯಲ್ಲನ್ನೂ ನಿಲ್ಲಿಸಿದರು. ನೋಡುವವರು ಕಡಿಮೆಯಾದರಂತೆ. ಗಿರಿಜೆ ಇನ್ನೂ ಮಂತ್ರವಾದಿಯ ಮನೆಯಲ್ಲೇ ಇದ್ದಳು. ಆ ಹೊತ್ತಿಗೆ ಇನ್ನು ಮುಂದೆ ದಿನಾ ಉಡುಗೆ ಸ್ಪರ್ಧೆ ಎಂದು ಸಾರಿದರು. ಗಿರಿಜೆ ವಾಪಸು ಬರುವುದನ್ನು ಯಾರೂ ತೋರಿಸಲಿಲ್ಲ.

ತೀರಿಕೊಂಡವಳ ಹೆಸರಿನ ಗಣಾರಾಧನೆಯ ದಿನ ಸ್ವಾಮಿಗಳು, ನೆಂಟರು ಬಂದಿದ್ದರು. ಹೇಮಲತಾಳ ಅಡುಗೆಮನೆಯಲ್ಲಿ ವಿಶಾಲಮ್ಮ ಒಂದು ಮೂಲೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ಒಲೆಯ ಮುಂದೆ ಸಿಂಧು ನಿಂತಿದ್ದಳು. ಹಳೆಯ ಗಿರಿಜೆಯ ಕತೆ ಅವಳಿಗೆ ಗೊತ್ತಿಲ್ಲ. ಸಾರು ಕುದಿ ಬಂತು. ಹುಡುಗಿ ಸೌಟಿನ ತುದಿಯಲ್ಲಿ ಒಂದಿಷ್ಟು ತೆಗೆದು, ಊದಿ, ತಿರುಗಿದಳು.

"ದೊಡ್ಡಮ್ಮ, ಸ್ವಲ್ಪ ಉಪ್ಪು ನೋಡಿ."

ವಿಶಾಲಮ್ಮ ಅಂಗೈ ಒಡ್ಡಿದಳು. ಆ ತೊಟ್ಟನ್ನು ನಾಲಿಗೆಗೆ ಹಚ್ಚಿದಳು. ರುಚಿ ಏನೂ ತಿಳಿಯಲಿಲ್ಲ. "ಸರಿಯಾಗೈತೆ ಕಣೇ" ಎಂದಳು, ಅಲ್ಲೇ ಎದುರಿಗಿದ್ದ ಹುಡುಗಿಗೆ ಬೇಕಾದ್ದಕ್ಕಿಂತ ಬಹಳ ಜೋರಾಗಿ, ಗೋಡೆಯಾಚೆಯ ತನ್ನ ಖಾಲಿ ಮನೆಗೂ ಕೇಳಿಸುವಷ್ಟು.