ಚಿಕಾಗೋ ವಿಮಾನ ಮತ್ತು ಅಜ್ಜಿಯ ಪೊರಕೆ

ಇಂಥ ಮಾತು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ. ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದ ನನಗೆ ಶಕುನ ಗಿಕುನ ಎಂದರೆ ಮೈ ಉರಿಯುತ್ತಿತ್ತು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಎಪ್ಪತ್ತರ ದಶಕದ ಆ ಒಂದು ಬೆಳಗಿನ ಲೆಕ್ಕವನ್ನು ಮಾತ್ರ ಇವತ್ತಿಗೂ ಮತ್ತೆ ಮತ್ತೆ ಕೂಡಿ ನೋಡುತ್ತೇನೆ.

ನಮ್ಮದು ಹೊಸದುರ್ಗದ ಹತ್ತಿರ ಬಾಗೂರು. ಬಬ್ಬೂರು ಕೃಷಿ ಫಾರಂನಲ್ಲಿ ಕೆಲಸದಲ್ಲಿದ್ದ ನಮ್ಮಣ್ಣ ತರಬೇತಿಗೆಂದು ಅಮೆರಿಕಕ್ಕೆ ಹೋಗಿದ್ದ. ಅವನು ಚಿಕಾಗೋದಿಂದ ಡೆನ್ವರ್‌ಗೆ ವಿಮಾನ ಹತ್ತುವ ದಿನವೇ ಹೊಳಲ್ಕೆರೆಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ಹುಡುಗನ ಫೋಟೋ ನನಗೆ ಬಹಳ ಹಿಡಿಸಿತ್ತು. ಈ ಸಂಬಂಧ ತಪ್ಪಬಾರದೆಂದು ಒಳಗೊಳಗೇ ದೇವರಿಗೆ ಹೇಳಿಕೊಂಡಿದ್ದೆ. ಅದಕ್ಕೆ ನನ್ನ ಬಿ.ಎಸ್ಸಿ. ಅಡ್ಡ ಬರಲಿಲ್ಲ ನೋಡಿ.

ಪಡಸಾಲೆಯ ತುಂಬ ಹಿಂದಿನ ದಿನ ಸುಲಿದ ಶೇಂಗಾ ಸಿಪ್ಪೆ. ಪೊರಕೆ ಮಾತ್ರ ಅಜ್ಜಿಯ ಬೆನ್ನ ಹಿಂದೆ. ಮನೆಯಿಂದ ಹೊರಟವರು ಊರು ಮುಟ್ಟುವ ತನಕ ಕಸ ಗುಡಿಸಬಾರದೆಂಬುದು ನಮ್ಮಲ್ಲಿ ಪದ್ಧತಿ. ಹೊಸದುರ್ಗಕ್ಕೆ ಹೋದವರಿಗೆ ಸರಿ, ಅಮೆರಿಕದೊಳಗೇ ಊರಿಂದೂರಿಗೆ ಹೋಗುವವನಿಗೂ ಅದು ಅನ್ವಯಿಸುತ್ತದೆಂದು ಯಾರು ಅಂದುಕೊಂಡಿದ್ದರು!

ನಾನು ಅಟ್ಲಾಸ್ ತಂದು ಅಜ್ಜಿಯ ಮುಂದೆ ಹರಡಿದೆ. ಸುಮಾರು ಒಂಬೈನೂರು ಮೈಲಿ, ವಿಮಾನಕ್ಕೆ ಎರಡೂವರೆ ಗಂಟೆಯ ದಾರಿ. ಅವನು ಕಾಗದದಲ್ಲಿ ಬರೆದಂತೆ ವಿಮಾನ ಸಂಜೆಗೆ, ಅಲ್ಲಿನ ಸಂಜೆ ನಮಗೆ ಬೆಳಗಿನ ಜಾವ, ಹಾಗಾಗಿ ನಮ್ಮ ತಿಂಡಿಯ ಹೊತ್ತಿಗೇ ಅವನು ಇಳಿದಾಯಿತು ಎಂದು ವಿವರಿಸಿದೆ. ಅಜ್ಜಿ ನಕಾಶೆಯ ಮೇಲೆ ಬೆರಳಿಟ್ಟು ಪೂರ್ತಿ ಕೇಳಿಸಿಕೊಂಡಳು.

"ನಿನ್ನ ಲೆಕ್ಕ ಸರಿ ಐತವ್ವ. ಆದ್ರೆ ಅವನಿನ್ನೂ ಮುಟ್ಟಿಲ್ಲ," ಎಂದಳು.

ಅಪ್ಪ ಗದರಿದರು, ಅವ್ವ ಗೋಗರೆದಳು, ನಾನು ರೇಷ್ಮೆ ಸೀರೆ ಉಟ್ಟುಕೊಂಡೇ ಅತ್ತೆ. ಅಜ್ಜಿ ಜಗ್ಗಲಿಲ್ಲ. ಅಷ್ಟರಲ್ಲಿ ಗಂಡಿನವರು ಬಂದೇಬಿಟ್ಟರು. ಅವರ ಕಾಲಡಿ ಸಿಪ್ಪೆ ಚರಚರ ಎಂದಾಗ ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅಪ್ಪ ತಡವರಿಸುತ್ತ ಕಾರಣ ಹೇಳಿದರು. ಹುಡುಗನ ತಾಯಿ ಸುತ್ತ ಒಮ್ಮೆ ನೋಡಿ, ಸಿಪ್ಪೆಯ ನಡುವೆಯೇ ಅಜ್ಜಿಯ ಪಕ್ಕ ಕುಳಿತರು.

"ಕುಂತ್ಕಳ್ರಿ ಎಲ್ಲಾರೂ. ನಿಮ್ಮ ಹುಡುಗ ಮುಟ್ಲಿ, ಆಮೇಲೆ ಗುಡಿಸಿದ್ರಾತು," ಎಂದರು.

ನನಗೆ ಹೋದ ಜೀವ ಬಂದಂತಾಯಿತು. ಉಪ್ಪಿಟ್ಟು ಬಂತು, ಮಾತು ಬೆಳೆಯಿತು. ಕಾಫಿ ಕುಡಿಯುತ್ತಿದ್ದ ಅಜ್ಜಿ, ಬಾಗಿಲಲ್ಲಿ ಯಾರೋ ಕರೆದಂತೆ, ಇದ್ದಕ್ಕಿದ್ದಂತೆ ತಲೆಯೆತ್ತಿದಳು. ಲೋಟ ಕೆಳಗಿಟ್ಟು ಪೊರಕೆಯನ್ನು ನನ್ನ ಕೈಗೆ ಕೊಟ್ಟು, ಮುಟ್ಟಿದ, ಗುಡಿಸು ಎಂದಳು. ಗಡಿಯಾರದಲ್ಲಿ ಆಗ ಹನ್ನೊಂದೂವರೆ. ಹೆಣ್ಣು ನೋಡಲು ಬಂದವರು ನೋಡಿದ್ದು ನಾನು ಕಸ ಗುಡಿಸುವುದನ್ನು. ಆದರೂ ಸಂಬಂಧ ಕುದುರಿತು.

ಬೇಸಿಗೆಯಲ್ಲಿ ಅಣ್ಣ ಬಂದ. ನಾನು ಬೇಕೆಂದೇ ಏನನ್ನೂ ಹೇಳದೆ ಆ ಪ್ರಯಾಣ ಹೇಗಿತ್ತೆಂದು ಕೇಳಿದೆ. ಹಿಮ ಬಿದ್ದು ವಿಮಾನ ಚಿಕಾಗೋದಲ್ಲೇ ಗಂಟೆಗಟ್ಟಲೆ ನಿಂತುಬಿಟ್ಟಿತ್ತಂತೆ. ಡೆನ್ವರ್‌ನಲ್ಲಿ ಇಳಿದಾಗ ಅಲ್ಲಿ ರಾತ್ರಿ ಹನ್ನೊಂದು. ಅಲ್ಲಿಗೂ ನಮಗೂ ಹನ್ನೆರಡೂವರೆ ಗಂಟೆಯ ಅಂತರ. ಎಷ್ಟು ಸಲ ಕೂಡಿದರೂ ನಮ್ಮ ಹನ್ನೊಂದೂವರೆಯೇ ಬಂತು. ಅಜ್ಜಿಯನ್ನು ಕೇಳಿದರೆ ಅವಳಿಗೇ ಆಶ್ಚರ್ಯ: "ಅದೇನವ್ವ ಕೇಳೋದು? ಮನೆಯವರು ಮುಟ್ಟಿದ್ದು ಗೊತ್ತಾಗಲ್ವ?"

ನನಗೆ ಗೊತ್ತಾಗುವುದಿಲ್ಲ. ನಮ್ಮ ಯಜಮಾನರು ಚಿತ್ರದುರ್ಗಕ್ಕೆ ಹೋದರೂ ನಾನು ಪೊರಕೆ ಬದಿಗಿಟ್ಟು, ಬಾಗಿಲಿಗೆ ಕಿವಿ ಕೊಟ್ಟು ಕುಳಿತಿರುತ್ತೇನೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಏನೂ ಕೇಳಿಸಿಲ್ಲ. ಕೊನೆಗೆ ಅವರೇ ಫೋನ್ ಮಾಡಿ, "ಮುಟ್ಟಿದೆ ಕಣೆ, ಗುಡಿಸ್ಕೋ," ಎನ್ನುತ್ತಾರೆ. ಆಮೇಲೆ ಗುಡಿಸುತ್ತೇನೆ.