ಕಣಜದ ವೇಷದ ನೊಣ

ನೊಣ ನೋಡುವ ಹುಚ್ಚಿರುವ ಗಂಡಸಿಗೆ ಮನೆಯಲ್ಲಿ ಮರ್ಯಾದೆ ಕಡಿಮೆ. ಗಂಡ ಅಂಚೆಚೀಟಿ ಕೂಡಿಸುತ್ತಾನೆಂದರೆ ಹೆಂಡತಿ ನಾಲ್ಕು ಜನರೆದುರು ಹೇಳಿಕೊಳ್ಳಬಹುದು. ಮರಳಲ್ಲಿ ಬೋರಲು ಮಲಗಿ ಭೂತಗನ್ನಡಿ ಹಿಡಿಯುವವನ ಬಗ್ಗೆ ಏನು ಹೇಳುವುದು? ಎಂಬತ್ತರ ದಶಕದಲ್ಲಿ, ನಾವು ಥಾಣೆಯ ವರ್ತಕ ನಗರದಲ್ಲಿದ್ದಾಗ, ನನ್ನ ಹೆಂಡತಿ ಶಾರದೆ "ಇವರಿಗೆ ಸಮುದ್ರ ಇಷ್ಟ" ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದಳು.

ನನಗೆ ಇಷ್ಟವಾಗಿದ್ದುದು ಸಮುದ್ರವಲ್ಲ, ಮುಂಬಯಿಯ ಆಚೆ ದಡದ ಉರಣದಲ್ಲಿ, ಕಡಲತೀರದ ಮರಳ ದಿಬ್ಬದ ಮೇಲೆ ಹಾರುವ ಒಂದು ಪುಟ್ಟ ಕೀಟ. ಹೊಟ್ಟೆಯ ಮೇಲೆ ಹಳದಿ ಕಪ್ಪು ಪಟ್ಟೆ, ಥೇಟು ಕಣಜ. ಗಾಳಿಯಲ್ಲಿ ಯಾರೋ ಮೊಳೆ ಹೊಡೆದು ಸಿಕ್ಕಿಸಿದ ಹಾಗೆ ನಿಂತಲ್ಲೇ ನಿಲ್ಲುತ್ತಿತ್ತು. ಅದು ಯಾವುದೆಂದು ಗುರುತಿಸಬೇಕೆಂಬುದೇ ನನ್ನ ಹಟ.

ಆ ವರ್ಷ ಕುಂದಾಪುರದಿಂದ ಅಮ್ಮ ಬಂದಿದ್ದರು. ಒಂಬತ್ತು ವರ್ಷದ ನನ್ನ ಮಗಳು ವೀಣಾಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. "ಉಣ್ತೀಯಾ ಮಗಾ?" ಎಂದರೆ "ಭೂಕ್ ನಹೀಂ ಹೈ." ಅಮ್ಮ ನನ್ನ ಮುಖ ನೋಡುವರು. ಕೆಲವು ವಾರಗಳಾದ ಮೇಲೆ ಕೇಳುವುದನ್ನೇ ಬಿಟ್ಟರು. ಒಂದು ದಿನ, "ನನ್ನನ್ನು ಊರಿಗೆ ಕಳಿಸಿಬಿಡು ಮಾರಾಯ. ಇಲ್ಲಿ ನಂಗೆಂತ ಕೆಲಸ?" ಎಂದರು.

ಸಮುದ್ರದ ಪಕ್ಕದಲ್ಲೇ ಹುಟ್ಟಿದವರಿಗೆ ಸಮುದ್ರ ತೋರಿಸುತ್ತೇನೆಂದು ಎಲ್ಲರನ್ನೂ ಎಸ್.ಟಿ. ಬಸ್ಸಿನಲ್ಲಿ ಉರಣಕ್ಕೆ ಹೊರಡಿಸಿದೆ.

ದಿಬ್ಬದ ಮೇಲೆ ನೇರಳೆ ಹೂವಿನ ಬಳ್ಳಿ ಹಬ್ಬಿತ್ತು. ನಾನೂ ವೀಣಾಳೂ ಕೀಟದ ಹಿಂದೆ ತೆವಳುತ್ತಿದ್ದೆವು. ಅದು ನಮ್ಮನ್ನು ತಪ್ಪಿಸಿಕೊಂಡು ಹೋಗಿ ಅಮ್ಮನ ಬೆವರಿದ ಮೊಣಕೈ ಮೇಲೆ ಕೂತಿತು.

"ಅಯ್ಯಯ್ಯೋ, ಕಣಜ!" ಅಮ್ಮ ಇನ್ನೊಂದು ಕೈಯಲ್ಲಿ ಚಪ್ಪಲಿ ಎತ್ತಿದರು.

"ದಾದೀ, ಮತ್ ಮಾರೋ!" ಎಂದು ವೀಣಾ ಕೂಗಿದಳು. ನಮ್ಮೂರ ಕಡೆ ದಾದಿ ಎಂದರೆ ಆಸ್ಪತ್ರೆಯ ನರ್ಸು. ಆ ಗಾಬರಿಯಲ್ಲಿ, ಇಲ್ಲಿ ಯಾವ ನರ್ಸು ಬಂದಳೆಂದು ಅಮ್ಮ ಒಮ್ಮೆ ಹಿಂದೆ ನೋಡಿ, ಚಪ್ಪಲಿಯನ್ನು ಇನ್ನೂ ಮೇಲೆತ್ತಿದರು.

"ಅಜ್ಜೀ, ಹೊಡಿಬೇಡ! ಅದು ಕಣಜ ಅಲ್ಲ, ನೊಣ!"

ಚಪ್ಪಲಿ ಅಲ್ಲೇ ನಿಂತಿತು.

"ನಿಂಗೆ ಹ್ಯಾಂಗೆ ಗೊತ್ತು?" ಎಂದು ಅಮ್ಮ ಮೆಲ್ಲಗೆ ಕೇಳಿದರು.

"ಕಣಜಕ್ಕೆ ನಾಲ್ಕು ಪಂಖ್... ರೆಕ್ಕೆ. ಇದಕ್ಕೆ ಎರಡೇ. ಕಣ್ಣು ದೊಡ್ಡದು, ಮೀಸೆ ಚಿಕ್ಕದು. ಕಚ್ಚುದೇ ಇಲ್ಲ."

ಅಮ್ಮ ಕೈ ಅಲುಗಿಸದೆ ಭೂತಗನ್ನಡಿಯಲ್ಲಿ ನೋಡಿದರು. "ಮತ್ತೆ ಈ ವೇಷ ಎಂತಕ್ಕೆ?"

"ಹಕ್ಕಿ ಹೆದರ್ತದೆ. ತಿನ್ನುದಿಲ್ಲ."

ಅಮ್ಮ ನಕ್ಕುಬಿಟ್ಟರು. "ನಿನ್ನ ಅಜ್ಜನೂ ಹಾಗೇ ಇದ್ರು ಕಾಣ್. ದೊಡ್ಡ ಗಂಟಲು, ಕೆಂಪು ಕಣ್ಣು. ಒಂದು ದಿನವೂ ಯಾರಿಗೂ ಕೈ ಎತ್ತಿದವರಲ್ಲ."

ವಾಪಸು ಬಸ್ಸಿನಲ್ಲಿ ಅಜ್ಜನ ಕಥೆಗಳೇ. ಮಾತು ಸಿಗದಾಗ ವೀಣಾ ನನ್ನ ಕಡೆ ತಿರುಗಿ, "ಪಪ್ಪಾ, ಜಿದ್ದೀ ಕೋ ಕನ್ನಡ ಮೇಂ ಕ್ಯಾ ಬೋಲ್ತೇ?" ಎನ್ನುವಳು. "ಹಟಮಾರಿ" ಎಂದು ಹೇಳಿ ನಾನು ಮತ್ತೆ ಕಿಟಕಿ ನೋಡುವುದು. ನಿಘಂಟಾಗಿ ಕೂರುವುದರಲ್ಲೂ ಸುಖವಿದೆ. ಅಮ್ಮ ದೀಪಾವಳಿ ಮುಗಿಯುವವರೆಗೂ ಉಳಿದರು.

ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರಿಗೆ ಕೀಟದ ಚಿತ್ರ ಬರೆದು ತೋರಿಸಿದೆ. ಇದು ಹೋವರ್‌ಫ್ಲೈ ಕುಟುಂಬದ್ದು, ಅಷ್ಟು ನಿಜ. ಯಾವ ಜಾತಿಯೆಂದು ತಿಳಿಯಬೇಕಾದರೆ ಒಂದನ್ನು ಹಿಡಿದು ಸೂಜಿಗೆ ಚುಚ್ಚಿ ತನ್ನಿ ಎಂದರು. ಮುಂದಿನ ಭಾನುವಾರ ವೀಣಾಳನ್ನು ಕರೆದುಕೊಂಡು ಉರಣಕ್ಕೆ ಹೋಗಿ ಸೀಸೆಯಲ್ಲಿ ಒಂದನ್ನು ಹಿಡಿದೂಬಿಟ್ಟೆ.

ವೀಣಾ ಸೀಸೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಪಪ್ಪಾ, ಪಾಪ ಅದು. ಬಿಟ್ಟುಬಿಡು."

ಅದರ ಪೂರ್ತಿ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಅಷ್ಟು ಚಂದದ ಕನ್ನಡದಲ್ಲಿ ಕೇಳಿದ ಮೇಲೆ ಮುಚ್ಚಳ ತೆಗೆಯದೆ ಇನ್ನೇನು ಮಾಡಲಿ, ನೀವೇ ಹೇಳಿ.