ಭಾವನ ಲ್ಯಾಟಿನ್ನು, ಲಾಜರ್ ಮಾಮನ ರಾಗ

ಸಾಂಬ್ರಾಣಿಯ ವಾಸನೆ ಬಂದರೆ ಬೇರೆಯವರಿಗೆ ದೇವರು ನೆನಪಾಗುತ್ತಾನೆ. ನನಗೆ ವಿಮಾ ಕಚೇರಿಯ ಬಡ್ತಿ ಸಂದರ್ಶನ ನೆನಪಾಗುತ್ತದೆ. ಕಳೆದ ಶನಿವಾರ ಸಂಜೆ ಕಮರ್ಷಿಯಲ್ ಸ್ಟ್ರೀಟಿನ ಒಂದು ಅಂಗಡಿಯಲ್ಲಿ ಅಕ್ಕನ ರವಿಕೆಗೆ ಲೈನಿಂಗ್ ಬಟ್ಟೆ ಕೊಳ್ಳುತ್ತಿದ್ದೆ. ಈ ಕೆಲಸಕ್ಕೆ ಅವಳು ನನ್ನನ್ನೇ ಕಳಿಸುತ್ತಾಳೆ. ಬಣ್ಣ ತಪ್ಪಿದರೆ ಬೈಯಲು ಒಬ್ಬ ಮನುಷ್ಯ ಬೇಕಲ್ಲ. ದೀಪ ಹಾಕುವ ಹೊತ್ತು. ಅಂಗಡಿಯ ಸಾಬರು ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಹೊಗೆಯನ್ನು ಬಟ್ಟೆಯ ಥಾನುಗಳ ಸಂದುಗೊಂದಿಗೆಲ್ಲ ತೋರಿಸುತ್ತಿದ್ದರು. ನಾನು ಕಣ್ಣು ಮುಚ್ಚಿ ನಿಂತದ್ದನ್ನು ನೋಡಿ, "ಭಕ್ತಿ ಗಿಕ್ತಿ ಏನಿಲ್ಲ ಸಾಬ್, ಸೊಳ್ಳೆಗೆ" ಎಂದರು.

ನನ್ನ ಬಾಯಿಂದ ತಾನಾಗಿ ಲ್ಯಾಟಿನ್ ಬಂತು, ಪ್ರಾಮಾಣಿಕವಾಗಿ ಎನ್ನುವ ಅರ್ಥದ್ದು: "ಬೋನಾ ಫೀದೆ."

"ಅದು ಸ್ಟಾಕ್ ಇಲ್ಲ ಸಾಬ್. ಪಾಪ್ಲಿನ್ ಕೊಡ್ಲಾ?"

ನೀವು ನನ್ನ ಜೊತೆ ಅಲ್ಲಿದ್ದಿದ್ದರೆ ನಾನೇಕೆ ನಗಲಿಲ್ಲ ಎಂದು ಖಂಡಿತ ಕೇಳುತ್ತಿದ್ದಿರಿ. ಇಂಥ ಮಾತು ಸಿಕ್ಕರೆ ಎರಡು ದಿನ ಊರಿಗೆಲ್ಲ ಹಂಚುವ ಪ್ರಾಣಿ ನಾನು. ಬಸ್ ಕಂಡಕ್ಟರ್, ನಮ್ಮ ಬಾಸು, ನನ್ನನ್ನು ನೋಡಿ ಬೇಡವೆಂದು ಹೋದ ಇಬ್ಬರು ಹುಡುಗಿಯರ ಅಪ್ಪಂದಿರು, ಎಲ್ಲರನ್ನೂ ಅಣಕಿಸಿ ತೋರಿಸುವುದು ನನ್ನ ಕಸುಬು. ಸಂಬಳ ಕೊಡುವ ಕೆಲಸ ಬೇರೆಯಿದೆ. ಅದನ್ನು ನಾನು ಅಷ್ಟು ಚೆನ್ನಾಗಿ ಮಾಡುವುದಿಲ್ಲ. ಆದರೆ ಆ ಹೊಗೆಯಲ್ಲಿ ನಿಂತಾಗ ನನಗೆ ಹತ್ತು ವರ್ಷದ ಹಿಂದಿನ ಭಾವ ಕಾಣಿಸಿಬಿಟ್ಟರು.

ಭಾವ ಅಂದರೆ ನಮ್ಮ ಪದ್ಮಕ್ಕನ ಯಜಮಾನರು. ವಿಮಾ ಕಚೇರಿಯಲ್ಲಿ ಗುಮಾಸ್ತರು. ಆಗ ಹಲಸೂರಿನಲ್ಲಿ ಬಾಡಿಗೆ ಮನೆ, ನಾನು ಬಿ.ಎ. ಓದುವ ನೆಪದಲ್ಲಿ ಅವರ ಮನೆಯ ಹಜಾರದಲ್ಲಿ ಮಲಗಿ ಅವರ ಅನ್ನ ತಿನ್ನುತ್ತಿದ್ದೆ. ಅವರಷ್ಟು ಅಚ್ಚುಕಟ್ಟಾಗಿ ಫೈಲು ಇಡುವವರು ಆ ಕಚೇರಿಯಲ್ಲಿ ಇನ್ನೊಬ್ಬರಿರಲಿಲ್ಲವಂತೆ. ಒಂದೇ ತೊಡಕು. ಅವರಿಗೆ ಪ ಅಕ್ಷರ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಅಂದರೆ ಬರುತ್ತಿತ್ತು, ಒಂದರ ಬದಲು ಏಳು ಸಲ ಬರುತ್ತಿತ್ತು. ತುಟಿ ಕೂಡಿಕೊಂಡರೆ ಬಿಡುತ್ತಲೇ ಇರಲಿಲ್ಲ. ಕಣ್ಣು ಚಾವಣಿಗೆ ಹೋಗಿ, ಕೊರಳಿನ ನರ ಉಬ್ಬಿ, ಕೇಳುವವರಿಗೇ ಬೆವರು ಕಿತ್ತುಕೊಳ್ಳುತ್ತಿತ್ತು. ಪಾಲಿಸಿ, ಪ್ರೀಮಿಯಂ ಎರಡೂ ಅನ್ನಲಾಗದ ಮನುಷ್ಯ ವಿಮಾ ಕಚೇರಿ ಸೇರಿದ್ದರು ನೋಡಿ. ಪಾಲಿಸಿಗೆ "ಡಾಕ್ಯುಮೆಂಟು" ಎನ್ನುತ್ತಿದ್ದರು, ಪ್ರೀಮಿಯಂಗೆ "ಕಂತು". ಹೆಂಡತಿಗೆ "ಇವಳೇ". ಹೆಂಡತಿಯ ಹೆಸರು ಹೇಳದ ಸಂಪ್ರದಾಯಸ್ಥ ಎಂದು ಬೀದಿಯ ಹೆಂಗಸರೆಲ್ಲ ಅವರನ್ನು ಮೆಚ್ಚಿಕೊಂಡಿದ್ದರು.

ಈ ಪ ನನ್ನ ಬಂಡವಾಳ. ಕಾಲೇಜಿನ ಎದುರಿನ ಟೀ ಅಂಗಡಿಯಲ್ಲಿ ಗೆಳೆಯರು, "ಮಗಾ, ನಿಮ್ ಭಾವಂದು ಒಂದ್ ಬಿಡೋ" ಎಂದರೆ ಸಾಕು, ನಾನು ಎದ್ದು ನಿಂತು ಚಾವಣಿ ನೋಡುತ್ತಿದ್ದೆ. ಒಂದು ಬನ್ನು, ಅರ್ಧ ಟೀ ಸಿಗುತ್ತಿತ್ತು. ನಾಚಿಕೆ ಆಗುತ್ತಿತ್ತೇ ಎಂದು ಕೇಳಬೇಡಿ. ಬನ್ನು ಬಿಸಿಯಾಗಿರುತ್ತಿತ್ತು.

ಭಾವನಿಗೆ ಬಡ್ತಿಗೆ ಮೂರು ಅವಕಾಶ. ಲಿಖಿತ ಪರೀಕ್ಷೆಯಲ್ಲಿ ಎರಡು ಸಲವೂ ಮೇಲಿದ್ದರು. ಸಂದರ್ಶನದಲ್ಲಿ ಎರಡು ಸಲವೂ ಬಿದ್ದಿದ್ದರು. ಸಂದರ್ಶನದಲ್ಲಿ ಕಚೇರಿ ಕಾಗದಗಳಲ್ಲಿ ಬರುವ ಲ್ಯಾಟಿನ್ ನುಡಿಗಳನ್ನು ಕೇಳುವುದು ಅಲ್ಲಿಯ ದೊಡ್ಡವರ ಖಯಾಲಿ. ಶಿವಾಜಿನಗರದ ಹಳೇ ಪುಸ್ತಕದ ರಾಶಿಯಲ್ಲಿ ಭಾವ ರಟ್ಟು ಹರಿದ ಒಂದು ಕೈಪಿಡಿ ಹುಡುಕಿ ತಂದಿದ್ದರು: ಎಡಕ್ಕೆ ಲ್ಯಾಟಿನ್, ಬಲಕ್ಕೆ ಇಂಗ್ಲಿಷ್ ಅರ್ಥ. ಮುನ್ನೂರು ನುಡಿಗಳು ಬಾಯಿಪಾಠ. ಇಂಗ್ಲಿಷ್ ಹೇಳಿದರೆ ಲ್ಯಾಟಿನ್ ಬರೆಯುತ್ತಿದ್ದರು, ಲ್ಯಾಟಿನ್ ಬರೆದು ತೋರಿಸಿದರೆ ಇಂಗ್ಲಿಷ್ ಹೇಳುತ್ತಿದ್ದರು. ಆದರೆ ಆ ಭಾಷೆಯನ್ನು ಯಾರೋ ನಮ್ಮ ಭಾವನ ಮೇಲಿನ ಹಗೆಯಿಂದಲೇ ಕಟ್ಟಿದಂತಿತ್ತು. ಪ್ರೈಮಾ ಫೇಶಿ, ಪ್ರೊ ರಾಟಾ, ಪರ್ ಸೆ, ಪರ್ ಕ್ಯಾಪಿಟಾ, ಪರ್ಸೋನಾ ನಾನ್ ಗ್ರಾಟಾ. ಈ ಕೊನೆಯದಕ್ಕೆ "ಬೇಡವಾದ ಆಸಾಮಿ" ಎಂದು ಅರ್ಥ ಓದಿದಾಗ ಅಕ್ಕ ಅಡಿಗೆಮನೆಯಿಂದ, "ಹಜಾರದಲ್ಲಿ ಮಲಗಿದಾನಲ್ಲ, ಅವನೇ" ಎಂದಳು.

ಎರಡನೆಯ ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ, 'ಮೇಲ್ನೋಟಕ್ಕೆ' ಎನ್ನಲು ಲ್ಯಾಟಿನ್ನಿನಲ್ಲಿ ಏನೆನ್ನುತ್ತಾರೆ ಎಂದು ಬಂತಂತೆ; ಉತ್ತರ ಪ್ರೈಮಾ ಫೇಶಿ. ಭಾವ ಪ ಹಿಡಿದು ನಿಂತರು. ಒಬ್ಬ ಅಧಿಕಾರಿ ಗಡಿಯಾರ ನೋಡಿದ. ಇನ್ನೊಬ್ಬ ನಗು ತಡೆಯಲು ನೀರು ಕುಡಿದ. ಭಾವ ಎದ್ದು ನಮಸ್ಕಾರ ಮಾಡಿ ಹೊರಗೆ ಬಂದುಬಿಟ್ಟರು. ಮೂರನೆಯದೇ ಕೊನೆ, ಅದೂ ಹೋದರೆ ನಿವೃತ್ತಿಯವರೆಗೆ ಅದೇ ಕುರ್ಚಿ.

ಆಗ ಲಾಜರ್ ಮಾಮನ ಹತ್ತಿರ ಅವರನ್ನು ಕರೆದುಕೊಂಡು ಹೋದವನು ನಾನು. ಪರೋಪಕಾರ ಎಂದು ಅಕ್ಕ ತಿಳಿದಳು. ನನಗೂ ಅರ್ಧ ಹಾಗೇ ಅನ್ನಿಸಿತ್ತು.

ಲಾಜರ್ ಮಾಮ ನಮ್ಮ ಹಿಂದಿನ ಗಲ್ಲಿಯವರು. ನಲವತ್ತು ವರ್ಷ ಚರ್ಚಿನಲ್ಲಿ ಗಂಟೆ ಹೊಡೆದು, ಮೇಣದಬತ್ತಿ ಹಚ್ಚಿ, ಸಾಂಬ್ರಾಣಿ ಹಾಕಿ, ಪಾದ್ರಿಗಳು ಲ್ಯಾಟಿನ್ನಿನಲ್ಲಿ ಹೇಳಿದ ಪ್ರಾರ್ಥನೆಗೆ ಲ್ಯಾಟಿನ್ನಿನಲ್ಲೇ ರಾಗವಾಗಿ ಓಗೊಟ್ಟವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ದೇವರ ಹತ್ತಿರ ಲ್ಯಾಟಿನ್. ಅವರ ಅಂಗಿಗೆ ಸದಾ ಆ ಹೊಗೆಯ ವಾಸನೆ. ಆಗಷ್ಟೇ ಚರ್ಚುಗಳಲ್ಲಿ ಪೂಜೆ ಜನರ ಭಾಷೆಗೆ ತಿರುಗಿತ್ತು.

"ಈಗ ದೇವರಿಗೆ ತಮಿಳ್ ಬರ್ತದಂತೆ ಸಾರ್" ಎಂದರು, ಭಾವನಿಗೆ ಸ್ಟೂಲು ಹಾಕುತ್ತಾ. "ಮೊದ್ಲೇ ಹೇಳಿದ್ರೆ ನಾನ್ ಇಷ್ಟು ಕಷ್ಟ ಪಡ್ತಿದ್ನಾ?"

ಅವರಿಗೆ ಉಚ್ಚಾರ ಗೊತ್ತು, ಅರ್ಥ ಅಷ್ಟಕ್ಕಷ್ಟೆ. ಭಾವನಿಗೆ ಅರ್ಥ ಗೊತ್ತು, ಉಚ್ಚಾರ ಗಂಟಲಲ್ಲಿ. ಜೋಡಿ ಹೀಗೆ ಕೂಡಿತು. ಮಾಮ ಕೈಪಿಡಿಯನ್ನು ದೂರಕ್ಕೆ ಹಿಡಿದು ಓದಿದರು: "ಸೀನೆ ದೀಯೆ. ಇದೇನ್ ಸಾರ್ ಮೀನಿಂಗು?"

"ದಿನ ಗೊತ್ತುಮಾಡದೆ ಮುಂದಕ್ಕೆ ಹಾಕೋದು."

"ಅಯ್ಯೋ, ನಮ್ಮನೆ ಓನರ್ರು! ಸೂರು ರಿಪೇರಿ ಮಾಡಿಸ್ತೀನಿ ಅಂತಾನಲ್ಲ, ಅವನು ಹೇಳೋದು ಲ್ಯಾಟಿನ್ನಾ?"

ಪ್ರೈಮಾ ಫೇಶಿ ಬಂತು. ಭಾವ ಪ ಹಿಡಿದರು. ಮಾಮ ಐದು ಕ್ಷಣ ನೋಡಿ ಅವರ ಮೊಣಕಾಲು ತಟ್ಟಿದರು. "ಮಾತಾಡ್ಬೇಡಿ ಸಾರ್. ಪಾಡಿ. ಹಾಡಿದ್ರೆ ನಿಲ್ಲಲ್ಲ. ಉಸಿರು ಮೊದ್ಲು ಬಿಡಿ, ಅದರ ಮೇಲೆ ಅಕ್ಷರ ಕೂರ್ಸಿ." ತಾವೇ ಎತ್ತಿದರು, ಚರ್ಚಿನ ರಾಗದಲ್ಲಿ, ಮೂಗಿನಲ್ಲಿ ಎಳೆದು: "ಪ್ರೀ...ಮಾ ಫಾ...ಚಿಯೆ."

ಮೂರನೆಯ ದಿನ ಭಾವನ ಬಾಯಿಂದ ಅದು ಹೊರಟಿತು. ಇಡಿಯಾಗಿ, ಒಂದೇ ಉಸಿರಿಗೆ, ಗಲ್ಲಿಯ ಕೋಳಿಗಳು ತಿರುಗಿ ನೋಡುವ ಹಾಗೆ. ಆಮೇಲೆ ಮನೆಯಲ್ಲಿ ಒಂದೇ ಗಾನ. ಸ್ನಾನದ ಮನೆಯಲ್ಲಿ ಪ್ರೋ ರಾತಾ, ಶೂ ಹಾಕಿಕೊಳ್ಳುವಾಗ ವೀಚೆ ವೆರ್ಸಾ. ಒಂದು ಸಂಜೆ ಕಚೇರಿಯಿಂದ ಬಂದವರು ಬಾಗಿಲಲ್ಲೇ ನಿಂತು ಅದೇ ರಾಗದಲ್ಲಿ, "ಪ...ದ್ಮಾ" ಎಂದರು. ಅಕ್ಕ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಆರಿಸಿದ ಕಲ್ಲುಗಳನ್ನು ಮತ್ತೆ ಅಕ್ಕಿಯೊಳಕ್ಕೇ ಹಾಕಿದಳು.

ಈಗ ನನ್ನ ವಿಷಯ. ಸಂದರ್ಶನಕ್ಕೆ ಒಂದು ವಾರವಿತ್ತು. ತರ್ಕಶಾಸ್ತ್ರದ ಪಾಠದಲ್ಲಿ ನಮ್ಮ ಮೇಷ್ಟ್ರು ನಾಲ್ಕು ಸಲ "ಪ್ರೈಮಾ ಫೇಶಿ" ಎಂದರು; "ಬೋನಾ ಫೈಡಿ" ಎಂದೂ ಅಂದರು. ನನಗೆ ಅಲ್ಲೇ ಹೊಳೆಯಿತು. ಕಚೇರಿಯವರು, ಕೋರ್ಟಿನವರು ಲ್ಯಾಟಿನ್ನನ್ನು ಇಂಗ್ಲಿಷಿನ ಹಾಗೆ ಅನ್ನುತ್ತಾರೆ. ಭಾವ ಕಲಿಯುತ್ತಿರುವುದು ಚರ್ಚಿನದು. ಮಾಮನದು ತಪ್ಪಲ್ಲ, ಆದರೆ ಅದು ಆ ಮೇಜಿನ ಮುಂದೆ ನಡೆಯುವ ನಾಣ್ಯವಲ್ಲ. ಮನೆಗೆ ಹೋಗಿ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಯಾಕೆಂದರೆ ಟೀ ಅಂಗಡಿಯಲ್ಲಿ ನನ್ನ ಹೊಸ ಐಟಂ ಭರ್ಜರಿಯಾಗಿ ನಡೆಯುತ್ತಿತ್ತು: ಮುದುಕ ಒಂದು ಕಡೆ ಮೂಗಿನಲ್ಲಿ ಎಳೆಯುವುದು, ಇನ್ನೊಂದು ಕಡೆ ಭಾವ ಪ-ಪ-ಪ ಎಂದು ಅದರ ಹಿಂದೆ ಓಡುವುದು. "ಗುರು, ಇದು ನಿಂದು ಮಾಸ್ಟರ್ ಪೀಸು" ಎಂದಿದ್ದರು ಗೆಳೆಯರು. ಭಾವ ಪ್ರೈಮಾ ಫೇಶಿಗೆ ತಿರುಗಿದರೆ ಆ ಐಟಂ ಸತ್ತುಹೋಗುತ್ತಿತ್ತು. ನಾಳೆ ಹೇಳೋಣ ಎಂದು ಆರು ದಿನ ಮಲಗಿದೆ.

ಸಂದರ್ಶನದ ದಿನ ಭಾವ ಹೊಸ ಟೈ ಕಟ್ಟಿಕೊಂಡು ಹೋದರು. ಸಂಜೆ ಬಂದು ಕಾಫಿ ಕುಡಿದು, ನಡೆದದ್ದನ್ನು ನನಗೊಬ್ಬನಿಗೇ ಹೇಳಿದರು. ಅದೇ ಪ್ರಶ್ನೆ. ಭಾವ ಉಸಿರು ಬಿಟ್ಟು, "ಪ್ರೀಮಾ ಫಾಚಿಯೆ, ಮೀನಿಂಗ್ ಆನ್ ದಿ ಫೇಸ್ ಆಫ್ ಇಟ್" ಎಂದರು. ಮೂವರೂ ಮುಖ ಮುಖ ನೋಡಿಕೊಂಡರು. ಇನ್ನೊಂದು ಸಲ ಹೇಳಿ ಎಂದರು. ಹೇಳಿದರು, ಇನ್ನೂ ಗಟ್ಟಿಯಾಗಿ. "ಅದೇನ್ರೀ, ತಿಂಡಿ ಹೆಸರಾ?" ಎಂದ ಒಬ್ಬ. ಮೂವರೂ ಬಿದ್ದು ಬಿದ್ದು ನಕ್ಕರು. ಪಟ್ಟಿ ಬಂದಾಗ ಭಾವನ ಹೆಸರು ಇರಲಿಲ್ಲ.

ಮಾಮನಿಗೆ ಸುದ್ದಿ ಮುಟ್ಟಿಸಲು ಭಾವನೇ ಹೋದರು, ನಾನು ಹಿಂದೆ. "ಲ್ಯಾಟಿನ್ನಲ್ಲಿ ಒಂದೂ ತಪ್ಪಿಲ್ಲ ಮಾಮ. ಲೆಕ್ಕದಲ್ಲಿ ಹೋಯ್ತು" ಎಂದರು. ಅವರು ಸುಳ್ಳು ಹೇಳಿದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ಮಾಮ ತುಂಬ ಹೊತ್ತು ತಲೆ ಆಡಿಸಿದರು. "ಲೆಕ್ಕ ನನಗೆ ಬರಲ್ಲ ಸಾರ್. ಬಂದಿದ್ರೆ ಅದೂ ಹಾಡ್ಸಿ ಬಿಡ್ತಿದ್ದೆ."

ಮಾರನೆಯ ದಿನ ಟೀ ಅಂಗಡಿಯಲ್ಲಿ ಗೆಳೆಯರು ಕೇಳಿದಾಗ ಗಂಟಲು ಕೆಟ್ಟಿದೆ ಎಂದೆ. ಹತ್ತು ವರ್ಷವಾಯಿತು, ಆ ಗಂಟಲು ಸರಿಹೋಗಿಲ್ಲ. ಊರಿನವರನ್ನೆಲ್ಲ ಅಣಕಿಸಿದೆ, ಭಾವನನ್ನು ಮುಟ್ಟಲಿಲ್ಲ. ಲಾಜರ್ ಮಾಮ ತೀರಿಕೊಂಡರು. ಭಾವ, ಅಕ್ಕ ಇಂದಿರಾನಗರದ ಮನೆಗೆ ಬಂದರು. ಭಾವ ಅದೇ ಕುರ್ಚಿಯಲ್ಲಿ ಕೂತಿದ್ದಾರೆ. ಅವರ ಕೈಕೆಳಗೆ ಕೆಲಸ ಕಲಿತ ಮೂವರು ಅವರ ಮೇಲಧಿಕಾರಿಗಳಾಗಿ ಹೋಗಿದ್ದಾರೆ.

ಶನಿವಾರ ಬಟ್ಟೆಯ ಪೊಟ್ಟಣ ಹಿಡಿದು ಅವರ ಮನೆಗೆ ಹೋದೆ. ಅಕ್ಕ ಬಟ್ಟೆಯನ್ನು ದೀಪಕ್ಕೆ ಹಿಡಿದು, "ಇದು ಮೆಂತ್ಯದ ಬಣ್ಣ. ನಾನ್ ಹೇಳಿದ್ದು ಸಾಸಿವೆ" ಎಂದು ಬೈದು ಒಳಗೆ ಹೋದಳು. ಭಾವ ವರಾಂಡದಲ್ಲಿ ಒಬ್ಬರೇ ಇದ್ದರು. ಸಾಂಬ್ರಾಣಿ ತಲೆಗೇರಿತ್ತೋ ಏನೋ, ಹೇಳಿಬಿಟ್ಟೆ. ತರ್ಕಶಾಸ್ತ್ರದ ಮೇಷ್ಟ್ರು, ಟೀ ಅಂಗಡಿ, ಬನ್ನು, ಆರು ದಿನ, ಎಲ್ಲ. ಹೇಳುವಾಗ ಅವರ ಮುಖ ನೋಡದೆ ಕಾಂಪೌಂಡಿನ ಗೇಟು ನೋಡುತ್ತಿದ್ದೆ.

"ನನಗೆ ಗೊತ್ತಿತ್ತು ಕಣೋ" ಎಂದರು ಭಾವ.

"ಏನು? ನಾನು ಅಣಕಿಸ್ತಿದ್ದದ್ದಾ?"

"ಅದು ಇಡೀ ಹಲಸೂರಿಗೆ ಗೊತ್ತಿತ್ತು. ಇದು ಬೇರೆ. ಒಳಗೆ ಕರೆಯೋಕೆ ಮುಂಚೆ ಬೆಂಚಿನ ಮೇಲೆ ಗುನುಗ್ತಾ ಕೂತಿದ್ನಲ್ಲ, ಪ-ಪ-ಪಕ್ಕದವನು ಹೇಳ್ದ. ಹಂಗಲ್ಲ ಸಾರ್, ಹಿಂಗನ್ನಬೇಕು ಅಂತ. ಬಾಯೊಳಗೇ ಎರಡು ಸಲ ಅಂದು ನೋಡ್ದೆ. ಸಿಕ್ಕಾಕ್ಕೊಂತು. ಸರಿಯಾಗಿ ತೊದಲೋದಾ, ತಪ್ಪಾಗಿ ನೆಟ್ಟಗೆ ಹೇಳೋದಾ? ಯೋಚ್ನೆ ಮಾಡೋಕೆ ಟೈಮ್ ಇರ್ಲಿಲ್ಲ, ಗಂಟೆ ಹೊಡೆದ್ರು."

"ಅವರು ನಕ್ರಲ್ಲ ಭಾವ."

"ನಕ್ರು. ಹೊಟ್ಟೆ ಹಿಡ್ಕೊಂಡು ನಕ್ರು." ಭಾವನಿಗೂ ನಗು ಬಂತು. "ಆದ್ರೆ ಅವರು ನಕ್ಕಿದ್ದು ಲ್ಯಾಟಿನ್‌ಗೆ ಕಣೋ. ನನಗಲ್ಲ. ಅದುವರೆಗೆ ಯಾರೂ ಹಂಗೆ ನಕ್ಕಿರಲಿಲ್ಲ. ನಾನು ಹೇಳಿದ್ದು ಕೊನೇವರೆಗೂ ಕೇಳಿಸ್ಕೊಂಡು ಆಮೇಲೆ ನಕ್ರು."

ನಾನು ವರಾಂಡದ ಮೆಟ್ಟಿಲ ಮೇಲೆ ಕೂತೆ.

"ಎಲ್ಲಿ, ಎದ್ದೇಳು" ಎಂದರು ಭಾವ, ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು. "ಮಾಡಿ ತೋರ್ಸು. ನಾನು ಆವತ್ತು ಹೆಂಗೆ ಹೇಳ್ದೆ, ನೋಡೋಣ."

ಎದ್ದೆ. ಟೈ ಸರಿಮಾಡಿಕೊಂಡಂತೆ ಮಾಡಿದೆ. ಇಂಥ ಆಹ್ವಾನಕ್ಕೆ ಹಿಂದೆ ಸರಿದವನಲ್ಲ ನಾನು. ಬಾಯಿ ತೆರೆದಾಗ ತಿಳಿಯಿತು, ನನ್ನ ಹತ್ತಿರ ಆ ಭಾವ ಇಲ್ಲ. ತೊದಲುವ ಭಾವ ಇದ್ದಾರೆ, ಚಾವಣಿ ನೋಡುವ ಭಾವ ಇದ್ದಾರೆ, ನರ ಉಬ್ಬುವ ಭಾವ ಇದ್ದಾರೆ. ಮನೆ ತುಂಬ ಅವರು ಹಾಡುತ್ತಿದ್ದಾಗಲೂ ನಾನು ಕಿವಿಗೊಟ್ಟು ಕಾದದ್ದು ಅವರು ಎಲ್ಲಿ ಸಿಕ್ಕಿಬೀಳುತ್ತಾರೆ ಎಂಬುದಕ್ಕೆ ಮಾತ್ರ. ತುಟಿ ಕೂಡಿಕೊಂಡಿತು. ಪ ಎಂದೆ. ಮತ್ತೆ ಪ ಎಂದೆ. ನಾಟಕವಲ್ಲ, ಸತ್ಯವಾಗಿ ಮುಂದಕ್ಕೆ ಹೋಗಲಿಲ್ಲ.

ಒಳಗಿನಿಂದ ಅಕ್ಕ, "ಏನೋ ಅದು, ಪಾತ್ರೆ ಬೇಕಾ?" ಎಂದಳು.

ಭಾವ ತೊದಲಿದಾಗಲೆಲ್ಲ ನಾವು, ಅಕ್ಕನೂ ನಾನೂ ಕಚೇರಿಯವರೂ, ತಡೆಯಲಾರದೆ ಮುಂದಿನ ಮಾತನ್ನು ನಾವೇ ಎತ್ತಿ ಅವರ ಬಾಯಿಗೆ ಹಾಕಿಬಿಡುತ್ತಿದ್ದೆವು. ಅದನ್ನೇ ಸಹಾಯ ಎಂದುಕೊಂಡಿದ್ದೆವು. ಭಾವ ನನ್ನ ಬಾಯಿಗೆ ಏನನ್ನೂ ಹಾಕಲಿಲ್ಲ. ಬಾಗಿಲಿಗೆ ಬಂದ ಅಕ್ಕನಿಗೆ ಸುಮ್ಮನಿರು ಎಂದು ಕೈಮಾಡಿ, ಕಾಲ ಮೇಲೆ ಕಾಲು ಹಾಕಿಕೊಂಡು, ಎಷ್ಟು ಹೊತ್ತಾದರೂ ಆಗಲಿ ಎನ್ನುವವರಂತೆ ಕಾದರು.